ಪ್ರಕಾಶಕರೇ, ನಿಮ್ಮ ನಾಯಕನಿಗೆ ಒಂದು ನೆರಳು ಕೊಡಿ

ಫ್ಯಾಂಟಸಿ ಮತ್ತು ರೊಮ್ಯಾನ್ಸ್ ಕಾದಂಬರಿಗಳ ಪ್ರಕಾಶಕರಿಗೆ, ಸಂಪಾದಕರಿಗೆ, ಪುಸ್ತಕದ ಬೆನ್ನ ಮೇಲೆ ನಾಲ್ಕು ಸಾಲು ಬರೆಯುವ ಮಹಾನುಭಾವರಿಗೆ,

ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ನಿಮ್ಮ ಪುಸ್ತಕಗಳನ್ನು ದುಡ್ಡು ಕೊಟ್ಟು ಓದುವವಳು. ಇಂಥ ಕಾದಂಬರಿಗಳನ್ನು ಒಂದೂ ಓದದೆ ಬೈಯುವವರು ಬೇಕಾದಷ್ಟು ಜನ ಇದ್ದಾರೆ. ಅವರ ಪತ್ರಗಳು ನಿಮಗೆ ಬರುತ್ತಲೇ ಇರಬಹುದು. ಇದು ಆ ಬಗೆಯದಲ್ಲ. ನನಗೆ ಡ್ರ್ಯಾಗನ್ ಬೇಕು. ಶಾಪ ಬೇಕು, ಕೋಟೆ ಬೇಕು, ರಾತ್ರಿ ಎರಡು ಗಂಟೆಗೆ ‘ಇನ್ನೊಂದೇ ಅಧ್ಯಾಯ’ ಅಂತ ನನಗೆ ನಾನೇ ಸುಳ್ಳು ಹೇಳಿಕೊಳ್ಳುವ ಆ ಸುಖ ಬೇಕು. ಕೊನೆಗೆ ಇಬ್ಬರೂ ಕೂಡಲೇಬೇಕು. ಕೂಡದಿದ್ದರೆ ಪುಸ್ತಕ ಬಿಸಾಡುತ್ತೇನೆ.

ಅಂಥ ನಾನೇ ಹೋದ ತಿಂಗಳು ಒಂದು ಕಾದಂಬರಿಯನ್ನು 212ನೇ ಪುಟದಲ್ಲಿ ಮುಚ್ಚಿಟ್ಟೆ. ಅದರ ನಾಯಕನಿಗೆ ಐನೂರು ವರ್ಷ. ಕತ್ತಲ ರಾಜ್ಯದ ದೊರೆ. ಕಣ್ಣು ಬೆಳ್ಳಿ ಬಣ್ಣ, ತುಟಿಯಲ್ಲಿ ಸದಾ ಒಂದು ಓರೆನಗೆ. ಯುದ್ಧ ಮುಗಿಸಿ ಬಂದರೂ ಮೈಯಿಂದ ಪೈನ್ ಮರದ ವಾಸನೆ ಬರುತ್ತದೆ. ಅವನು ಆಕಳಿಸುವುದಿಲ್ಲ. ಅವನಿಗೆ ನೆಗಡಿ ಆಗುವುದಿಲ್ಲ. ಒಂದು ಮಾತು ತಪ್ಪಾಗಿ ಆಡಿ, ಆಮೇಲೆ ಮಲಗಿಕೊಂಡು ‘ಛೇ, ಹಾಗನ್ನಬಾರದಿತ್ತು’ ಅಂತ ಹೊರಳಾಡುವುದೂ ಇಲ್ಲ. ಐನೂರು ವರ್ಷ ಬದುಕಿದವನು ಮಾತಾಡುವುದು ಮಾತ್ರ ಕಾಲೇಜಿನ ಎರಡನೇ ವರ್ಷದ ಹುಡುಗನ ಹಾಗೆ.

ಆಗ ನೆನಪಾದವಳು ದಮಯಂತಿ.

ಕಥೆ ನಿಮಗೆ ಗೊತ್ತಿರಬಹುದು. ಸ್ವಯಂವರದ ಸಭೆ. ದಮಯಂತಿ ಮನಸ್ಸಿನಲ್ಲಿ ನಳನನ್ನು ಆಗಲೇ ಆರಿಸಿಕೊಂಡಿದ್ದಾಳೆ. ಆದರೆ ಇಂದ್ರ, ಅಗ್ನಿ, ವರುಣ, ಯಮ ನಾಲ್ವರೂ ನಳನ ರೂಪದಲ್ಲೇ ಬಂದು ಕೂತಿದ್ದಾರೆ. ಎದುರಿಗೆ ಐದು ನಳರು. ಅವಳು ತನ್ನ ಸತ್ಯದ ಮೇಲೆ ಆಣೆಯಿಟ್ಟು ದೇವತೆಗಳನ್ನೇ ಬೇಡುತ್ತಾಳೆ, ಅವರು ತಮ್ಮ ಗುರುತು ತೋರಿಸುತ್ತಾರೆ. ನಾಲ್ವರ ಮೈಯಲ್ಲಿ ಬೆವರಿಲ್ಲ, ರೆಪ್ಪೆ ಮಿಟುಕುವುದಿಲ್ಲ, ಹಾರ ಬಾಡಿಲ್ಲ, ಕಾಲು ನೆಲಕ್ಕೆ ತಾಗಿಲ್ಲ. ಐದನೆಯವನ ಹಾರ ಬಾಡಿದೆ, ಮೈಮೇಲೆ ಧೂಳು, ಬೆವರು. ನೆಲದ ಮೇಲೆ ಅವನ ನೆರಳು ಬಿದ್ದಿದೆ. ಅವಳು ಮಾಲೆ ಹಾಕಿದ್ದು ಅವನಿಗೆ.

ಸಾವಿರಾರು ವರ್ಷದ ಹಿಂದಿನ ಈ ಕಥೆಯಲ್ಲಿ ಹುಡುಗಿ ದೇವರುಗಳನ್ನು ಬಿಟ್ಟು ಬೆವರುವ ಗಂಡಸನ್ನು ಆರಿಸಿದಳು. ನೀವು ಈಗ ತಿಂಗಳು ತಿಂಗಳೂ ನನಗೆ ಕಳಿಸುತ್ತಿರುವುದು ಉಳಿದ ನಾಲ್ವರನ್ನು. ನನ್ನ ದೂರು ಇಷ್ಟೇ. ಇನ್ನು ಮುಂದೆ ಬರುವುದೆಲ್ಲ ಇದರದೇ ವಿವರ.

ನಿಮ್ಮ ಕಡೆಯ ಮಾತು ನನಗೆ ಗೊತ್ತಿದೆ. ‘ಜನ ಕೊಳ್ಳುತ್ತಾರಲ್ಲ?’ ಹೌದು, ಕೊಳ್ಳುತ್ತಾರೆ. ರೊಮ್ಯಾನ್ಸ್ ಮತ್ತು ಫ್ಯಾಂಟಸಿ ಬೆರೆತ ಕಾದಂಬರಿಗಳಿಗೆ ಇಟ್ಟ ‘ರೊಮ್ಯಾಂಟಸಿ’ ಎಂಬ ಪದ 2024ರಲ್ಲಿ ನಿಘಂಟು ತರುವ ಆಕ್ಸ್‌ಫರ್ಡ್‌ನವರ ವರ್ಷದ ಪದಗಳ ಪಟ್ಟಿಯಲ್ಲೂ ಇತ್ತು, ಕಾಲಿನ್ಸ್‌ನವರ ಪಟ್ಟಿಯಲ್ಲೂ ಇತ್ತು. 2025ರ ಜನವರಿಯಲ್ಲಿ ಡ್ರ್ಯಾಗನ್ ಸವಾರರ ಕಾದಂಬರಿ ‘ಆನಿಕ್ಸ್ ಸ್ಟಾರ್ಮ್’ ಬಂದಾಗ ಮೊದಲ ವಾರದಲ್ಲೇ 27 ಲಕ್ಷಕ್ಕೂ ಜಾಸ್ತಿ ಪ್ರತಿ ಹೋದವು ಅಂತ ಅದರ ಪ್ರಕಾಶಕರೇ ಲೆಕ್ಕ ಕೊಟ್ಟರು. ನಾನೂ ಓದಿದವಳೇ. ಅದು ಮೂರನೇ ಭಾಗ. ಸರಣಿಯ ಮೊದಲ ಎರಡು ಭಾಗಗಳು 2023ರ ಒಂದೇ ವರ್ಷದಲ್ಲಿ ಬಂದಿದ್ದವು.

ಆ ಸರಣಿಯ ನಂತರ ಡ್ರ್ಯಾಗನ್ ಸವಾರಿ ಕಲಿಸುವ ಶಾಲೆಗಳು ಅಣಬೆಗಳ ಹಾಗೆ ಎದ್ದವು. ಶಾಲೆ ಇರಬೇಕು, ಅಲ್ಲಿ ಮಕ್ಕಳು ಸಾಯಬೇಕು, ಮೇಲಿನ ತರಗತಿಯಲ್ಲಿ ಒಬ್ಬ ಕಪ್ಪು ಬಟ್ಟೆಯ ಸಿಡುಕ ಇರಬೇಕು. ಆದರೆ ಆ ಮೊದಲ ಪುಸ್ತಕದಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಯಾವುದು ಗೊತ್ತಾ? ನಾಯಕಿಯ ಕೀಲುಗಳು. ವಯೊಲೆಟ್‌ಳ ಕೀಲುಗಳು ಸುಮ್ನೆ ಜಾರುತ್ತವೆ. ಮೂಳೆ ಬೇಗ ಮುರಿಯುತ್ತದೆ. ಅವಳು ದಿನಾ ಮಂಡಿಗೆ ಪಟ್ಟಿ ಸುತ್ತಿಕೊಂಡು ಹೊರಡುತ್ತಾಳೆ. ಉಳಿದವರು ಬರಿ ಬೆನ್ನಿನ ಮೇಲೆ ಕೂತು ಹಾರಿದರೆ ಇವಳಿಗೆ ಜೀನು ಬೇಕಾಗುತ್ತದೆ. ಇಂಥದೇ ಕೀಲುಗಳ ತೊಂದರೆ ಬರೆದ ಲೇಖಕಿಗೂ ಇದೆ, ಅವರೇ ಬಹಿರಂಗವಾಗಿ ಹೇಳಿದ್ದಾರೆ. ಹಾಗಾಗಿ ಆ ನೋವು ಬರೀ ಅಲಂಕಾರಕ್ಕೆ ಬಂದಿಲ್ಲ. ಮೆಟ್ಟಿಲು ಹತ್ತುವಾಗ ಬರುತ್ತದೆ, ಕತ್ತಿ ಬೀಸುವಾಗ ಬರುತ್ತದೆ. ಅವಳಿಗೆ ನೆರಳಿದೆ.

ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡ ಹಾಗೆ, ನೀವೆಲ್ಲ ಡ್ರ್ಯಾಗನ್ನನ್ನು ನಕಲು ಮಾಡಿದಿರಿ. ಜಾರುವ ಕೀಲು ಯಾರಿಗೂ ಬೇಡವಾಯಿತು.

ಈಗ ಆ ಪ್ರಸಿದ್ಧ ‘ಶತ್ರುಗಳು ಪ್ರೇಮಿಗಳಾಗುವ’ ಕಥೆಗೆ ಬರೋಣ. ಪುಸ್ತಕದ ಜಾಹೀರಾತಿನಲ್ಲಿ ಮುಖಪುಟದ ಸುತ್ತ ಬಾಣದ ಗುರುತು ಹಾಕಿ ನೀವು ಬರೆಯುತ್ತೀರಲ್ಲ: ಎನಿಮೀಸ್ ಟು ಲವರ್ಸ್, ಇಬ್ಬರಿಗೂ ಒಂದೇ ಮಂಚ, ಸ್ಲೋ ಬರ್ನ್ (ನಿಧಾನಕ್ಕೆ ಹೊತ್ತುವ ಪ್ರೀತಿ), ವಿಧಿ ಬರೆದ ಜೋಡಿ, ‘ಅವಳನ್ನು ಮುಟ್ಟಿದರೆ ಕೊಲ್ಲುತ್ತೇನೆ’ ಅನ್ನುವ ಗಂಡು. ಔಷಧಿ ಬಾಟಲಿಯ ಚೀಟಿ ಓದಿದ ಹಾಗಾಗುತ್ತದೆ. ಇಂಥ ಸಿದ್ಧ ಕಥಾಸೂತ್ರಗಳಿಗೆ ಟ್ರೋಪ್ ಅನ್ನುತ್ತಾರೆ. ಟ್ರೋಪ್‌ಗಳ ಮೇಲೆ ನನಗೆ ಕೋಪವಿಲ್ಲ. ‘ಒಂದೇ ಮಂಚ’ ಅಂತ ಕಂಡರೆ ನಾನೇ ಮೊದಲು ಕೊಳ್ಳುವವಳು, ಸುಳ್ಳು ಯಾಕೆ ಹೇಳಲಿ. ಆದರೆ ಒಳಗೆ ಹೋಗಿ ನೋಡಿದರೆ ಆ ಶತ್ರುತ್ವ ಎಲ್ಲಿದೆ? ಮೊದಲ ಭೇಟಿಯಲ್ಲಿ ಅವನು ಅವಳನ್ನು ಕುಳ್ಳಿ ಅಂದ. ಅವಳು ಅವನನ್ನು ಜಂಬದ ಕೋಳಿ ಅಂದಳು. ಮುಗೀತು. ಇದು ಜಗಳ, ಶತ್ರುತ್ವ ಅಲ್ಲ. ಶತ್ರು ಅಂದರೆ, ಅವನು ಗೆದ್ದರೆ ನನ್ನ ಮನೆಯವರಿಗೆ ಏನಾದರೂ ಆಗಬೇಕು. ನಾನು ಗೆದ್ದರೆ ಅವನು ಏನಾದರೂ ಕಳೆದುಕೊಳ್ಳಬೇಕು. ಆಗ ಆ ಒಂದೇ ಮಂಚದಲ್ಲಿ ನಿದ್ದೆ ಬರದಿರುವುದಕ್ಕೆ ಒಂದು ಅರ್ಥ ಇರುತ್ತದೆ.

ಇನ್ನು ಪ್ರೀತಿಗೆ ಬರುವ ಅಡ್ಡಿಗಳು. ಇಬ್ಬರೂ ಹತ್ತಿರ ಬಂದರು. ಮುಕ್ಕಾಲು ಪುಸ್ತಕ ಆಯಿತು. ಈಗ ಅವರನ್ನು ಬೇರೆ ಮಾಡಬೇಕು. ತಕ್ಷಣ ಬಾಗಿಲ ಮರೆಯಲ್ಲಿ ನಿಂತು ಯಾರೋ ಅರ್ಧ ಮಾತು ಕೇಳಿಸಿಕೊಳ್ಳುತ್ತಾರೆ. ನೂರು ಪುಟ ಅಳು. ಕೊನೆಗೆ ನೋಡಿದರೆ, ‘ನೀನು ನಿಜಕ್ಕೂ ಹಾಗಂದೆಯಾ?’ ಅಂತ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಗುಡ್ಡ ಅಗೆದು ಇಲಿ ಹಿಡಿದ ಕಥೆ.

ಇದು ಪ್ರಕಾರದ ತಪ್ಪಲ್ಲ. 1813ರಲ್ಲಿ ಬಂದ ಜೇನ್ ಆಸ್ಟಿನ್ ಕಾದಂಬರಿ ‘ಪ್ರೈಡ್ ಆಂಡ್ ಪ್ರೆಜುಡಿಸ್’ ತೆಗೆದು ನೋಡಿ. ಒಟ್ಟು 61 ಅಧ್ಯಾಯ. ನಾಯಕ ಡಾರ್ಸಿ ನಾಯಕಿ ಎಲಿಜಬೆತ್ ಮುಂದೆ ಮೊದಲ ಸಲ ಮದುವೆಯ ಮಾತೆತ್ತುವುದು 34ನೆಯದರಲ್ಲಿ, ಹೆಚ್ಚುಕಡಿಮೆ ನಟ್ಟನಡುವೆ. ಅವಳು ಬೇಡ ಅನ್ನುತ್ತಾಳೆ. ಆ ‘ಬೇಡ’ಕ್ಕೆ ಕಾರಣಗಳು ಗಟ್ಟಿಯಾಗಿವೆ. ಅವನು ಅವಳ ಅಕ್ಕನ ಸಂಬಂಧ ಮುರಿದಿದ್ದು ನಿಜ. ಅವನ ಮಾತಿನಲ್ಲಿ ಸೊಕ್ಕು ಇದ್ದದ್ದೂ ನಿಜ. ಮರುದಿನವೇ ಅವನು ಪತ್ರ ಬರೆದು ಎಲ್ಲ ಬಿಡಿಸಿ ಹೇಳುತ್ತಾನೆ. ಅಂದರೆ ತಪ್ಪು ತಿಳಿವಳಿಕೆ ಅಲ್ಲಿಗೇ ಬಹುಪಾಲು ಕರಗಿತು. ಆದರೂ ಕಥೆ ಇನ್ನೂ 26 ಅಧ್ಯಾಯ ಓಡುತ್ತದೆ. ಯಾಕೆಂದರೆ ವಿಷಯ ಗೊತ್ತಾದರೆ ಸಾಲದು, ಇಬ್ಬರೂ ಬದಲಾಗಬೇಕು. ಬದಲಾಗುವುದಕ್ಕೆ ಹೊತ್ತು ಹಿಡಿಯುತ್ತದೆ. ಅಲ್ಲಿ ಡ್ರ್ಯಾಗನ್ ಇಲ್ಲ, ಶಾಪ ಇಲ್ಲ, ಒಬ್ಬರೂ ಕತ್ತಿ ಎತ್ತುವುದಿಲ್ಲ. ಉಸಿರು ಬಿಗಿಹಿಡಿದು ಓದುತ್ತೇವೆ.

ಇದೇ ಜಾಗದಲ್ಲಿ ಫ್ಯಾಂಟಸಿಗೆ ಒಂದು ದೊಡ್ಡ ಅನುಕೂಲ ಇದೆ, ನೀವು ಅದನ್ನು ಪೋಲು ಮಾಡುತ್ತಿದ್ದೀರಿ ಅನ್ನುವುದೇ ನನ್ನ ಹೊಟ್ಟೆಯುರಿ. ಬೇರೆ ಕಾದಂಬರಿಗಳಲ್ಲಿ ಅಡ್ಡಿ ಅಂದರೆ ಮನೆಯವರು, ದುಡ್ಡು, ದೂರ. ಇಲ್ಲಿ ನೀವು ಬೇಕಾದ ಅಡ್ಡಿಯನ್ನು ಹುಟ್ಟಿಸಬಹುದು. ಮಹಾಭಾರತದ ಶಕುಂತಲೆಯ ಕಥೆಯಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ಅಲ್ಲಿ ದುಷ್ಯಂತನಿಗೆ ಎಲ್ಲ ನೆನಪಿದೆ, ಗೊತ್ತಿದ್ದೂ ತುಂಬಿದ ಸಭೆಯಲ್ಲಿ ‘ನೀನು ಯಾರೋ’ ಅನ್ನುತ್ತಾನೆ. ಕಾಳಿದಾಸ ಅದಕ್ಕೆ ದುರ್ವಾಸನ ಶಾಪ ಸೇರಿಸಿದ. ಉಂಗುರ ಸೇರಿಸಿದ, ಅದನ್ನು ಮೀನಿನ ಹೊಟ್ಟೆಗೆ ಹಾಕಿದ. ಈಗ ಅವನು ನಿಜಕ್ಕೂ ಮರೆತಿದ್ದಾನೆ, ಅವಳಿಗೆ ಸಾಬೀತು ಮಾಡಲು ಏನೂ ಇಲ್ಲ. ಒಂದು ಮಾಯೆಯಿಂದ ಇಬ್ಬರ ನೋವೂ ದೊಡ್ಡದಾಯಿತು. (ರಾಜ ಸುಲಭವಾಗಿ ತಪ್ಪಿಸಿಕೊಂಡ ಅನ್ನುವವರೂ ಇದ್ದಾರೆ. ನಾನೂ ಅರ್ಧ ಅವರ ಕಡೆಯವಳೇ.) ಆದರೂ ಒಂದು ಮಾತು ಒಪ್ಪಬೇಕು, ಆ ಶಾಪ ಇಲ್ಲದಿದ್ದರೆ ಆ ನಾಟಕ ಇಲ್ಲ. ನಿಮ್ಮ ಎಷ್ಟು ಕಾದಂಬರಿಗಳಲ್ಲಿ ಮಾಂತ್ರಿಕ ಶಕ್ತಿಯನ್ನು ತೆಗೆದರೆ ಪ್ರೇಮಕಥೆಗೆ ಪೆಟ್ಟು ಬೀಳುತ್ತದೆ? ನಾನು ಓದುವಾಗ ಈ ಪರೀಕ್ಷೆ ಮಾಡುತ್ತೇನೆ. ಹತ್ತರಲ್ಲಿ ಏಳು ಪುಸ್ತಕಗಳಲ್ಲಿ ಏನೂ ಆಗುವುದಿಲ್ಲ. ಮಂತ್ರ ಬರೀ ಹಿಂದಿನ ಪರದೆ. ಅವಳ ಅಂಗೈಯಿಂದ ಬೆಂಕಿ ಬರುತ್ತದೆ, ಅದರಿಂದ ಅವಳಿಗೆ ಏನೂ ನಷ್ಟವಿಲ್ಲ. ಕೊನೆಯ ಯುದ್ಧದಲ್ಲಿ ಬೇಕಾದಷ್ಟು ಬೆಂಕಿ ಬಂದುಬಿಡುತ್ತದೆ. ಹಾಗಾದರೆ ಮೊದಲೇ ಯಾಕೆ ಬರಲಿಲ್ಲ ಅಂತ ಕೇಳುವ ಹಾಗಿಲ್ಲ.

‘ಗಟ್ಟಿ ನಾಯಕಿ’ಯ ಬಗ್ಗೆಯೂ ಒಂದು ಮಾತು. ಎಲ್ಲರೂ ಅವಳನ್ನು ಗಟ್ಟಿಗಿತ್ತಿ ಅನ್ನುತ್ತಾರೆ. ಅವಳು ತೊಡೆಗೆ ಚೂರಿ ಕಟ್ಟಿಕೊಂಡಿರುತ್ತಾಳೆ. ಆದರೆ ಕಥೆ ಮುಂದೆ ಹೋಗುವಂಥ ನಿರ್ಧಾರವೆಲ್ಲ ಅವನದೇ. ಅವನು ರಹಸ್ಯ ಮುಚ್ಚಿಡುತ್ತಾನೆ, ‘ನಿನ್ನ ಒಳ್ಳೆಯದಕ್ಕೇ’ ಅನ್ನುತ್ತಾನೆ, ಇವಳು ಎರಡು ಪುಟ ಮುನಿಸಿಕೊಂಡು ಸುಮ್ಮನಾಗುತ್ತಾಳೆ. ಮತ್ತೆ ದಮಯಂತಿಯನ್ನೇ ನೋಡಿ. ನಳ ಜೂಜಿನಲ್ಲಿ ರಾಜ್ಯ ಕಳೆದ, ಕಾಡಿನಲ್ಲಿ ನಿದ್ದೆ ಮಾಡುತ್ತಿದ್ದ ಹೆಂಡತಿಯ ಸೀರೆಯಲ್ಲಿ ಅರ್ಧ ಹರಿದುಕೊಂಡು ಹೊರಟೇಹೋದ. ನಿಮ್ಮ ಭಾಷೆಯಲ್ಲಿ ‘ಮಾರಲಿ ಗ್ರೇ’ ನಾಯಕ, ಅಂದರೆ ಪೂರ್ತಿ ಒಳ್ಳೆಯವನೂ ಅಲ್ಲ, ಪೂರ್ತಿ ಕೆಟ್ಟವನೂ ಅಲ್ಲ! ಅವಳು ಏನು ಮಾಡಿದಳು? ನಳ ದೂರದ ಒಬ್ಬ ರಾಜನ ಬಳಿ ಸಾರಥಿಯಾಗಿ ರೂಪ ಮರೆಸಿಕೊಂಡಿದ್ದಾನೆ ಎಂಬ ಸುಳಿವು ಸಿಕ್ಕಿದ್ದೇ ತಡ, ‘ದಮಯಂತಿಗೆ ನಾಳೆಯೇ ಇನ್ನೊಂದು ಸ್ವಯಂವರ’ ಎಂದು ಆ ಒಬ್ಬ ರಾಜನಿಗೆ ಮಾತ್ರ ಸುದ್ದಿ ಕಳಿಸಿದಳು. ಅಷ್ಟು ದೂರದಿಂದ ಒಂದೇ ದಿನದಲ್ಲಿ ರಥ ಓಡಿಸಿಕೊಂಡು ಬರಬಲ್ಲವನು ಲೋಕದಲ್ಲಿ ಒಬ್ಬನೇ ಎಂದು ಅವಳಿಗೆ ಗೊತ್ತಿತ್ತು. ಬಂದ ಮೇಲೂ ಓಡಿಹೋಗಿ ಅಪ್ಪಿಕೊಳ್ಳಲಿಲ್ಲ. ಒಂದೊಂದಾಗಿ ಪರೀಕ್ಷೆ ಮಾಡಿದಳು. ಇಡೀ ಕಥೆಯಲ್ಲಿ ಅವಳ ಕೈಯಲ್ಲಿ ಒಂದು ಚೂರಿಯೂ ಇಲ್ಲ.

ಬೈದಿದ್ದೇ ಆಯಿತು. ಇಷ್ಟವಾದದ್ದನ್ನೂ ಹೇಳಬೇಕಲ್ವಾ? ನಾನು ಈಚೆಗೆ ಎರಡನೇ ಸಲ ಓದಿದ ಪುಸ್ತಕ ‘ಸ್ಪಿನ್ನಿಂಗ್ ಸಿಲ್ವರ್’. 2018ರದು, ಅಷ್ಟೇನೂ ಹೊಸದಲ್ಲ. ಅದರ ಮಿರ್ಯೆಮ್ ಬಡ್ಡಿ ಸಾಲ ಕೊಡುವವನ ಮಗಳು. ಅಪ್ಪನಿಗೆ ವಸೂಲಿ ಮಾಡಲು ಬಾಯಿ ಬರುವುದಿಲ್ಲ, ಇವಳು ಲೆಕ್ಕದ ಪುಸ್ತಕ ಕೈಗೆ ತೆಗೆದುಕೊಳ್ಳುತ್ತಾಳೆ. ಬೆಳ್ಳಿಯನ್ನು ಚಿನ್ನ ಮಾಡುತ್ತೇನೆ ಅಂತ ಒಂದು ಸಲ ಜಂಬ ಕೊಚ್ಚಿದ್ದು ಹಿಮದ ರಾಜನ ಕಿವಿಗೆ ಬೀಳುತ್ತದೆ. ಅವನು ಬೆಳ್ಳಿ ತಂದು ಸುರಿಯುತ್ತಾನೆ. ಅವಳು ಅದನ್ನು ಒಡವೆ ಮಾಡಿಸಿ, ಮಾರಿ, ನಿಜವಾಗಿ ಚಿನ್ನ ತಂದು ಕೊಡುತ್ತಾಳೆ. ವ್ಯಾಪಾರವೇ ಅವಳ ಮಂತ್ರ. ಆ ರಾಜ ತಣ್ಣಗೆ, ಕ್ರೂರವಾಗಿ, ನಿಜವಾದ ಶತ್ರುವಾಗಿ ಇದ್ದಾನೆ. ಅವನು ಸೋಲುವುದು ಅವಳ ಕಣ್ಣಿಗಲ್ಲ, ಅವಳು ಕೊಟ್ಟ ಮಾತನ್ನು ಉಳಿಸಿಕೊಳ್ಳುವ ರೀತಿಗೆ.

2023ರಲ್ಲಿ ಬಂದ ಎಮಿಲಿ ವೈಲ್ಡ್ ಸರಣಿಯ ಮೊದಲ ಪುಸ್ತಕವೂ ಹಾಗೇ. ನಾಯಕಿ ಯಕ್ಷಿಣಿಗಳ ಬಗ್ಗೆ ಸಂಶೋಧನೆ ಮಾಡುವ ವಿದ್ವಾಂಸೆ, ಜನರ ಜೊತೆ ಮಾತಾಡಲು ಬರುವುದಿಲ್ಲ. ಕಥೆ ಹೆಚ್ಚುಕಡಿಮೆ ಪೂರ್ತಿ ಅವಳ ದಿನಚರಿ, ಅಡಿಟಿಪ್ಪಣಿ ಸಮೇತ. ಅವಳ ಜೊತೆಗಾರ ನೋಡಲು ಸುಂದರ, ಆದರೆ ಪರಮ ಸೋಮಾರಿ, ಚಳಿಗೆ ಗೊಣಗುತ್ತಾನೆ. ಗೊಣಗುವ ನಾಯಕ! ಅವನ ಹಾರ ಬಾಡುತ್ತದೆ ಅಂತ ನನಗೆ ಅಲ್ಲೇ ಗೊತ್ತಾಯಿತು. ‘ಲೆಜೆಂಡ್ಸ್ ಆಂಡ್ ಲಾಟೇಸ್’ 2022ರಲ್ಲಿ ಲೇಖಕರೇ ಸ್ವಂತವಾಗಿ ಪ್ರಕಟಿಸಿದ್ದು, ಆಮೇಲೆ ದೊಡ್ಡ ಪ್ರಕಾಶಕರು ತೆಗೆದುಕೊಂಡರು. ಕತ್ತಿ ಕೆಳಗಿಟ್ಟು ಕಾಫಿ ಅಂಗಡಿ ತೆರೆಯುವ ಒಬ್ಬ ಓರ್ಕ್ (ಫ್ಯಾಂಟಸಿ ಕಥೆಗಳ ರಾಕ್ಷಸ ಜಾತಿ) ಹೆಂಗಸಿನ ಕಥೆ. ಲೋಕ ಉಳಿಸುವ ಗೊಡವೆ ಇಲ್ಲ. ಪ್ರೀತಿ ಹುಟ್ಟುವುದು ಜೊತೆಯಲ್ಲಿ ಕೆಲಸ ಮಾಡುತ್ತ ಮಾಡುತ್ತ. ನಡುವೆ ಸ್ವಲ್ಪ ಜಾಳಾಗಿದೆ, ಆದರೂ ಆ ಇಬ್ಬರು ದಣಿಯುವುದು ಕಾಣುತ್ತದೆ.

2025ರಲ್ಲಿ ಇನ್ನೊಂದು ನಡೆಯಿತು. ಪ್ರಸಿದ್ಧ ಮಾಂತ್ರಿಕ ಶಾಲೆಯ ಹ್ಯಾರಿ ಪಾಟರ್ ಕಥೆಯ ಪಾತ್ರಗಳನ್ನು ಇಟ್ಟುಕೊಂಡು ಅಭಿಮಾನಿಗಳು ಬರೆದಿದ್ದ ಮೂರು ಕಥೆಗಳು ಹೆಸರು, ಊರು ಬದಲಿಸಿಕೊಂಡು ಒಂದೇ ವರ್ಷ ಕಾದಂಬರಿಗಳಾಗಿ ಬಂದವು. ಒಂದಂತೂ ಸಾವಿರ ಪುಟ ದಾಟಿದೆ. ಅಭಿಮಾನಿಗಳು ಬರೆಯುವುದು ಕೀಳು ಅಂತ ನಾನು ಹೇಳುವುದಿಲ್ಲ, ಅಲ್ಲಿ ಕೈ ಪಳಗಿದವರು ಎಷ್ಟೋ ಜನ. ಸಮಸ್ಯೆ ಬೇರೆ. ಅಭಿಮಾನಿ ಕಥೆಯ ಓದುಗರಿಗೆ ಅಲ್ಲಿ ಪ್ರೇಮಿಗಳಾಗುವ ಇಬ್ಬರ ಏಳು ವರ್ಷದ ಹಗೆ ಮೂಲ ಕಥೆಯಿಂದಲೇ ಗೊತ್ತಿರುತ್ತದೆ. ಬರೆದವರು ಅದನ್ನು ಕಟ್ಟಬೇಕಿಲ್ಲ, ನೆನಪಿಸಿದರೆ ಸಾಕು. ಹೆಸರು ಬದಲಿಸಿದ ಕೂಡಲೇ ಆ ನೆನಪು ಹೋಗುತ್ತದೆ, ಅದು ಇದ್ದ ಜಾಗ ಖಾಲಿ ಉಳಿಯುತ್ತದೆ. ಆ ಖಾಲಿ ತುಂಬಿಸುವುದು ಸಂಪಾದಕರ ಕೆಲಸ. ಅದಕ್ಕೆ ಹೊತ್ತು ಬೇಕು. ಬರೀ ಹೆಸರು ಬದಲಿಸಿದ ಕಥೆ ಆ ಕೊರತೆಯನ್ನು ಎಷ್ಟು ದಿನ ಮುಚ್ಚೀತು?

ಹೊತ್ತು ಅಂದೆ. ನನಗೆ ಅನಿಸುವುದು, ನೆರಳು ಮಾಯವಾಗಿರುವುದು ಈ ಅವಸರದಿಂದಲೇ. ಮೊದಲ ಕರಡಿನಲ್ಲಿ ಎಲ್ಲರೂ ದೇವತೆಗಳೇ. ಯಾರಾದರೂ ಕೂತು ‘ಇವನಿಗೆ ಯಾವುದರ ಭಯ? ಇವಳು ಇದಕ್ಕೆ ಏನು ತೆತ್ತಳು?’ ಅಂತ ಕೇಳಿದಾಗ ತಾನೇ ಎರಡನೇ ಕರಡಿನಲ್ಲಿ ಬೆವರು ಕಾಣಿಸಿಕೊಳ್ಳುವುದು? ಆ ಕೇಳುವವರನ್ನು ನೀವು ಕೂರಿಸುತ್ತಿದ್ದೀರಾ? ಒಂದೇ ಅಧ್ಯಾಯದಲ್ಲಿ ‘ಅವನ ದವಡೆ ಬಿಗಿಯಿತು’ ಅಂತ ನಾನು ಹನ್ನೊಂದು ಸಲ ಎಣಿಸಿದ್ದೇನೆ. ಹಲ್ಲಿನ ವೈದ್ಯರಿಗೆ ತೋರಿಸಬೇಕಿತ್ತು. 2025ರಲ್ಲೇ, ಸ್ವಂತವಾಗಿ ಪ್ರಕಟವಾದ ಕೆಲವು ರೊಮ್ಯಾನ್ಸ್ ಕಾದಂಬರಿಗಳಲ್ಲಿ ಎಐ ಯಂತ್ರಕ್ಕೆ ಕೊಟ್ಟ ಸೂಚನೆ ಹಾಗೇ ಪುಟದ ಮೇಲೆ ಉಳಿದುಹೋಗಿತ್ತು. ಅವು ನಿಮ್ಮ ಪುಸ್ತಕಗಳಲ್ಲ, ಗೊತ್ತು. ಆದರೆ ಅದಾದ ಮೇಲೆ ಯಾವ ಪುಸ್ತಕ ಕೈಗೆತ್ತಿಕೊಂಡರೂ ‘ಇದನ್ನು ಅಚ್ಚಿಗೆ ಮುಂಚೆ ಒಬ್ಬರಾದರೂ ಪೂರ್ತಿ ಓದಿದ್ದಾರಾ?’ ಎಂಬ ಅನುಮಾನ ಬರುತ್ತದೆ.

ಕೆಲವು ಸಣ್ಣ ಕೋರಿಕೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಸರಣಿಯಾದರೆ ಎಷ್ಟು ಭಾಗ ಅಂತ ಮೊದಲ ಪುಸ್ತಕದ ಮೇಲೇ ಬರೆಯಿರಿ. ಎರಡು ಭಾಗದ ಕಥೆಯನ್ನು ಐದಕ್ಕೆ ಎಳೆದಾಗ ನಮಗೆ ಗೊತ್ತಾಗುತ್ತದೆ, ಮೂರನೆಯದರಲ್ಲಿ ಎಲ್ಲರೂ ಬರೀ ಕುದುರೆ ಮೇಲೆ ಕೂತು ಊರಿಂದ ಊರಿಗೆ ಹೋಗುತ್ತಿರುತ್ತಾರೆ. ಪುಸ್ತಕ ದೊಡ್ಡವರಿಗೋ ಹದಿಹರೆಯದವರಿಗೋ ಅನ್ನುವುದನ್ನೂ ಸ್ಪಷ್ಟವಾಗಿ ಹಾಕಿ. 2015ರಲ್ಲಿ ಹದಿಹರೆಯದವರ ಸಾಲಿನಲ್ಲಿ ಬಂದ ಒಂದು ಬಹು ಪ್ರಸಿದ್ಧ ಸರಣಿಗೆ 2020ರಲ್ಲಿ ಹೊಸ ಮುಖಪುಟ ಹೊದಿಸಿ ದೊಡ್ಡವರ ಸಾಲಿಗೆ ಸರಿಸಬೇಕಾಯಿತು. ಈಗಲೂ ಮುದ್ದು ಮುದ್ದು ಕಾರ್ಟೂನ್ ಮುಖಪುಟ ನೋಡಿ ಮಕ್ಕಳ ಕೈಗೆ ಕೊಡುವವರಿದ್ದಾರೆ, ಒಳಗಿನ 14ನೇ ಅಧ್ಯಾಯ ಅವರಿಗೆ ಗೊತ್ತಿಲ್ಲ. ಪುಟಗಳ ಅಂಚಿಗೆ ಹಚ್ಚುವ ಬಣ್ಣ ಚೆನ್ನಾಗಿದೆ, ಹಚ್ಚಿ, ಬೇಡ ಅನ್ನುವುದಿಲ್ಲ.

ಮತ್ತೆ ಒಂದು ವಿಷಯ, ಇದು ನಿಮ್ಮ ಪರವಾಗಿ. ಸುಖಾಂತ್ಯ ಮೊದಲೇ ಗೊತ್ತಿರುವುದರಿಂದ ರೊಮ್ಯಾನ್ಸ್ ಅಂದರೆ ಹಗುರ ಅಂತ ಯಾರಾದರೂ ಅಂದರೆ ದಯವಿಟ್ಟು ತಲೆ ತಗ್ಗಿಸಬೇಡಿ. ಪತ್ತೇದಾರಿ ಕಾದಂಬರಿಯಲ್ಲೂ ಕೊಲೆಗಾರ ಸಿಗುತ್ತಾನೆ ಅಂತ ಮೊದಲೇ ಗೊತ್ತಿರುತ್ತದೆ, ಅದನ್ನು ಯಾರೂ ಆಡಿಕೊಳ್ಳುವುದಿಲ್ಲ. ಕೂಡುತ್ತಾರೆ ಅಂತ ನನಗೆ ಗೊತ್ತು. ಕೂಡುವುದಿಲ್ಲವೇನೋ ಅಂತ ಒಂದು ರಾತ್ರಿಯಾದರೂ ನನಗೆ ಭಯವಾಗಬೇಕು. ದೇವತೆಗಳ ಬಗ್ಗೆ ಆ ಭಯ ಹುಟ್ಟುವುದಿಲ್ಲ. ಅವರಿಗೇನು ಆದೀತು?

ಮುಂದಿನ ಹಂಗಾಮಿನ ನಿಮ್ಮ ಪಟ್ಟಿ ನೋಡಿದ್ದೇನೆ. ನಾಲ್ಕು ಪುಸ್ತಕ ಗುರುತು ಹಾಕಿಕೊಂಡಿದ್ದೇನೆ, ಎರಡರ ಮೇಲೆ ‘ಒಂದೇ ಮಂಚ’ ಅಂತ ಬಾಣ ಇದೆ. ಕೊಳ್ಳುತ್ತೇನೆ, ಇನ್ನೇನು ಮಾಡಲಿ.

ಇಂತಿ,
ನಿಮ್ಮ ಪುಸ್ತಕ ಕೊಂಡು ಓದುವ ಒಬ್ಬಳು

ಮರೆತಿದ್ದೆ: ಹೋದ ವರ್ಷ ಕೊಂಡ ಒಂದು ಕಾದಂಬರಿಯಲ್ಲಿ 16 ಪುಟದ ಒಂದು ಕಂತೆ ಎರಡು ಸಲ ಹೊಲಿದಿತ್ತು, ಅದರ ಮುಂದಿನ 16 ಪುಟ ಇರಲೇ ಇಲ್ಲ. ಸಿಗದ ಪುಟಗಳ ಹಿಂದಿನ ಸಾಲಿನಲ್ಲಿ ಅವನು ಅವಳ ಬಾಗಿಲು ತಟ್ಟುತ್ತಾನೆ, ಮಳೆಯಲ್ಲಿ ನೆನೆದಿದ್ದಾನೆ, ನಡುಗುತ್ತಿದ್ದಾನೆ. ಮುಂದಿನ ಪುಟಕ್ಕೆ ಬಂದರೆ ಇಬ್ಬರೂ ಕುದುರೆ ಹತ್ತಿ ಹೊರಟಿದ್ದಾರೆ. ಇಡೀ ಪುಸ್ತಕದಲ್ಲಿ ಅವನು ಕ್ಷಮೆ ಕೇಳಬಹುದಾಗಿದ್ದ ಜಾಗ ಅದೊಂದೇ. ಕೇಳಿದನೋ ಇಲ್ಲವೋ ನನಗೆ ಇನ್ನೂ ಗೊತ್ತಿಲ್ಲ. ಆ ಪುಟಗಳನ್ನು ಕಳಿಸಿಕೊಟ್ಟರೆ ಉಪಕಾರವಾಗುತ್ತದೆ.